‘ಆಯ್ತು ಸಾರ್’: ಕೆಲಸದ ಜಾಗದ ಕೆಲವು ಟಿಪ್ಪಣಿಗಳು

ಸಂಜೆಯ ಬಸ್ಸು, ಕಾಲಿಡಲೂ ಜಾಗವಿಲ್ಲ. ಫುಟ್‌ಬೋರ್ಡಿನಲ್ಲಿ ಬಿಳಿ ಷರ್ಟಿನವರೊಬ್ಬರು ಜೋತುಬಿದ್ದಿದ್ದರು. ಊರಲ್ಲಿ ನಾಲ್ಕು ಜನ ನಮಸ್ಕಾರ ಹೇಳುವಂಥ ಕುಳ ಎಂದು ನೋಡಿದರೇ ತಿಳಿಯುತ್ತಿತ್ತು. ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದರು. "ಸ್ವಾಮಿ, ಮೇಲೆ ಬನ್ನಿ, ಇಲ್ಲಾ ಇಳೀರಿ. ನೀವು ಅಲ್ಲಿರೋವರೆಗೂ ಬಸ್ ಮುಂದಕ್ಕೆ ಹೋಗಲ್ಲ." ದನಿ ಏರಿಸಲಿಲ್ಲ, ಬೈಯಲಿಲ್ಲ. ಆ ಮನುಷ್ಯ ಮೇಲೆ ಬಂದರು. ಸ್ವಲ್ಪ ಹೊತ್ತಿಗೆ ಅದೇ ಕಂಡಕ್ಟರಿಗೆ ಡಿಪೋದಿಂದ ಫೋನ್ ಬಂತು. "ಸಾರ್... ಹ್ಞೂ ಸಾರ್... ಆಯ್ತು ಸಾರ್." ಫೋನ್ ಜೇಬಿಗಿಟ್ಟು ಡ್ರೈವರ್ ಕಡೆ ಬಗ್ಗಿ, "ನಾಳೇನೂ ಡ್ಯೂಟಿಯಂತೆ" ಎಂದರು. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬರಬೇಕು, ಅದಕ್ಕೇ ರಜೆ ಹಾಕಿದ್ದೇನೆ ಎಂದು ಬಸ್ ಹೊರಡುವ ಮುಂಚೆ ಅವರೇ ಡ್ರೈವರಿಗೆ ಹೇಳುತ್ತಿದ್ದುದು ಮುಂದಿನ ಸೀಟಿನಲ್ಲಿದ್ದ ನನ್ನ ಕಿವಿಗೂ ಬಿದ್ದಿತ್ತು.

ಆ ಮಾತನ್ನು ಫೋನಿನಲ್ಲಿ ಯಾಕೆ ಹೇಳಲಿಲ್ಲ? ಪುಕ್ಕಲು ಸ್ವಭಾವ ಅನ್ನೋಣವೆಂದರೆ ಬಿಳಿ ಷರ್ಟಿನವರನ್ನು ಒಳಕ್ಕೆ ಕರೆದದ್ದು ಅದೇ ಬಾಯಿ. ಮನುಷ್ಯ ಒಬ್ಬರೇ, ದನಿ ಎರಡು. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಇದೇ.

*

ನೆಂಟರ ಹುಡುಗಿ ಬೆಂಗಳೂರಿನ ಕಂಪನಿಯೊಂದರಲ್ಲಿದ್ದಾಳೆ. ಅಲ್ಲಿ ಇಡೀ ದಿನದ ‘ಅಸರ್ಟಿವ್‌ನೆಸ್’ ತರಬೇತಿ ನಡೆಯಿತಂತೆ. ಕೊಟ್ಟ ಹಾಳೆಗಳನ್ನು ನನಗೆ ತೋರಿಸಿದಳು. ಬೆನ್ನು ನೆಟ್ಟಗಿಟ್ಟು ಕೂರಿ, ಎದುರಿನವರ ಕಣ್ಣು ನೋಡಿ ಮಾತಾಡಿ, "ನೀವು ಹೀಗೆ ಮಾಡಿದಿರಿ" ಅನ್ನುವ ಬದಲು "ನನಗೆ ಹೀಗೆ ತೊಂದರೆಯಾಗುತ್ತಿದೆ" ಅನ್ನಿ, ಒತ್ತಾಯ ಹೆಚ್ಚಿದರೆ ಸಿಟ್ಟಾಗದೆ ಅದೇ ಮಾತನ್ನು ಅದೇ ದನಿಯಲ್ಲಿ ಮತ್ತೆ ಹೇಳಿ. ಕೆಟ್ಟ ಪಾಠಗಳಲ್ಲ. ಮನೆಯಲ್ಲೂ ಉಪಯೋಗಕ್ಕೆ ಬರುವಂಥವೇ. ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತಾ ಅವಳು ಹೇಳಿದಳು: "ಎಲ್ಲಾ ಕಲಿತೆ ಚಿಕ್ಕಪ್ಪ. ಆದ್ರೆ ನಮ್ಮ ಮ್ಯಾನೇಜರ್ ಆ ಕ್ಲಾಸಿಗೆ ಬಂದಿರ್ಲಿಲ್ಲ."

ಈ ಪಾಠದ ಮೂಲ ಹುಡುಕುತ್ತಾ ಹೋದರೆ ಅದು ಕಚೇರಿಯದ್ದೇ ಅಲ್ಲ, ಮನೋಚಿಕಿತ್ಸಕರ ಕೋಣೆಯದ್ದು. ಅಮೆರಿಕದ ಆಂಡ್ರ್ಯೂ ಸಾಲ್ಟರ್ 1949ರಲ್ಲಿ, ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ 1958ರಲ್ಲಿ ಇದನ್ನು ಅಳುಕಿನಿಂದ ನರಳುವವರಿಗೆ ಚಿಕಿತ್ಸೆಯೆಂದು ಬರೆದರು. 1970ರಲ್ಲಿ ಆಲ್ಬರ್ಟಿ ಮತ್ತು ಎಮ್ಮನ್ಸ್, 1975ರಲ್ಲಿ ಮ್ಯಾನುಯೆಲ್ ಸ್ಮಿತ್ ಬರೆದ ಪುಸ್ತಕಗಳಿಂದ ಅದು ಸಾಮಾನ್ಯ ಓದುಗರಿಗೆ ಸಿಕ್ಕಿತು, ಅಲ್ಲಿಂದ ಕಂಪನಿಗಳ ತರಬೇತಿ ಕೋಣೆಗೆ ಬಂತು. ಚಿಕಿತ್ಸೆಯಾಗಿ ಹುಟ್ಟಿದ್ದರಿಂದಲೋ ಏನೋ, ಬಾಯಿ ಬಿಡದವರೊಳಗೇ ಏನೋ ಕೊರತೆಯಿದೆ ಎಂದು ಅದು ಇವತ್ತಿಗೂ ನಂಬಿದೆ. ಕೊರತೆ ಆ ಕೋಣೆಯಲ್ಲಿರಬಹುದು, ಮೇಜಿನ ಆಚೆ ಬದಿಯಲ್ಲಿರಬಹುದು ಎಂಬ ಅನುಮಾನ ಆ ಹಾಳೆಗಳಲ್ಲಿ ಎಲ್ಲೂ ಕಾಣಲಿಲ್ಲ.

*

ತಾಲ್ಲೂಕು ಕಚೇರಿ. ನನ್ನದೊಂದು ಪಹಣಿ ತಿದ್ದುಪಡಿಯ ಕೆಲಸ, ಬೆಂಚಿನ ಮೇಲೆ ಕೂತು ಕಾಯುವುದು. ಕಾಯುವವನಿಗೆ ಕಣ್ಣು ಕಿವಿ ಎರಡೂ ಚುರುಕಾಗುತ್ತವೆ.

ಒಂದೇ ಕೋಣೆಯಲ್ಲಿ ಇಬ್ಬರು. ಒಬ್ಬರು ಪ್ರಥಮ ದರ್ಜೆ ಸಹಾಯಕರು, ತಲೆ ನರೆತಿದೆ. ಇನ್ನೊಬ್ಬಾಕೆ ಡಾಟಾ ಎಂಟ್ರಿ ಆಪರೇಟರ್, ಹೊರಗುತ್ತಿಗೆ. ಸಾಹೇಬರು ಒಳಗೆ ಬಂದು ಒಂದು ಕಡತದ ವಿಷಯ ಎತ್ತಿದರು, ಇವತ್ತೇ ಮುಗಿಯಬೇಕು ಎಂದರು. ಸಹಾಯಕರು ಕೂತಲ್ಲಿಂದ ಎದ್ದರು, ಆದರೆ ಮಾತು ಬಗ್ಗಲಿಲ್ಲ: "ಸಾರ್, ಸರ್ವೆ ಸ್ಕೆಚ್ ಬಂದಿಲ್ಲ. ನಾನು ಬಂದಿಲ್ಲ ಅಂತಾನೇ ಬರೆದು ಮಂಡಿಸ್ತೀನಿ. ಮುಂದಿನ ಆದೇಶ ತಾವು ಮಾಡಿ." ಸಾಹೇಬರು ಮುಖ ಗಂಟಿಕ್ಕಿದರು, ಸುಮ್ಮನಾದರು. ಅನಂತರ ಆಪರೇಟರ್ ಕಡೆ ತಿರುಗಿ, ಇದಿಷ್ಟೂ ಎಂಟ್ರಿ ಮುಗಿಸಿಯೇ ಮನೆಗೆ ಹೋಗಮ್ಮ ಎಂದರು. ಗಂಟೆ ಐದೂವರೆ. "ಆಯ್ತು ಸಾರ್." ಸಾಹೇಬರು ಹೋದ ಮೇಲೆ ಆಕೆ ಫೋನ್ ತೆಗೆದು ಅತ್ತೆಗೆ ಹೇಳಿದಳು, ಮಗುವಿಗೆ ಊಟ ಮಾಡಿಸಿ ಮಲಗಿಸಿಬಿಡಿ ಎಂದು. ಅವಳ ಊರಿಗೆ ಕೊನೆಯ ಬಸ್ಸು ಏಳಕ್ಕೆ.

ಕೆಲಸದಲ್ಲಿ ಆಕೆಯೇ ಚುರುಕು. ಯಾವ ತಂತ್ರಾಂಶದಲ್ಲಿ ಯಾವುದು ಸಿಕ್ಕಿಹಾಕಿಕೊಂಡರೂ ಆ ಹಿರಿಯರು ಕೂಗುವುದು ಅವಳನ್ನೇ. ಹಿರಿಯರ ಬೆನ್ನು ನೆಟ್ಟಗಿರುವುದು ಅವರ ಸ್ವಭಾವದಿಂದ ಎಂದು ನಾನು ಮೊದಲು ಎಣಿಸಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವರನ್ನು ತೆಗೆಯಬೇಕಾದರೆ ನೋಟಿಸು, ವಿಚಾರಣೆ, ಮೇಲ್ಮನವಿ ಎಂದು ಸರ್ಕಾರ ದೊಡ್ಡ ದಾರಿಯನ್ನೇ ಸವೆಸಬೇಕು. ಆಕೆಯ ಸಂಬಳ ಬರುವುದು ಏಜೆನ್ಸಿಯಿಂದ. "ನಾಳೆಯಿಂದ ಬೇರೆಯವರನ್ನು ಕಳಿಸಿ" ಎಂದು ಏಜೆನ್ಸಿಗೆ ಒಂದು ಫೋನ್ ಹೋದರೆ ಸಾಕು. ಧೈರ್ಯ ಅನ್ನುವುದು ನೇಮಕಾತಿ ಆದೇಶದ ಕಾಗದದಲ್ಲೂ ಇರುತ್ತದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಇಂದು ನಮ್ಮ ಆಸ್ಪತ್ರೆ, ಹಾಸ್ಟೆಲು, ಪಂಚಾಯಿತಿ ಎಲ್ಲ ಕಡೆಯೂ ಭಾರ ಹೊರುತ್ತಿರುವವರಲ್ಲಿ ಎಷ್ಟೋ ಜನ ಆಕೆಯಂಥವರೇ.

*

ಆ ಹಿರಿಯರ ಬಗ್ಗೆ ಇನ್ನೊಂದು ಮಾತು. ಸಾಹೇಬರೆದುರು ಅವರು "ಇಲ್ಲ" ಅನ್ನಲಿಲ್ಲ, "ಬರೆದು ಮಂಡಿಸ್ತೀನಿ" ಅಂದರು. ಸರ್ಕಾರಿ ಕಡತದ ಟಿಪ್ಪಣಿ ಹಾಳೆ ಬಲು ಗಟ್ಟಿಯಾದ ವ್ಯವಸ್ಥೆ. ಕೆಳಗಿನ ಗುಮಾಸ್ತ "ನಿಯಮಾನುಸಾರ ಅವಕಾಶವಿರುವುದಿಲ್ಲ, ಸೂಕ್ತ ಆದೇಶಕ್ಕಾಗಿ ಮಂಡಿಸಿದೆ" ಎಂದು ಒಂದು ಸಾಲು ಬರೆದರೆ, ಅದನ್ನು ದಾಟಬೇಕಾದ ಅಧಿಕಾರಿ ತನ್ನ ಕೈಯಾರೆ ಕಾರಣ ಬರೆದು ಸಹಿ ಹಾಕಬೇಕು. ಬಾಯಲ್ಲಿ ಅಂದಿದ್ದರೆ ಎದುರುತ್ತರ ಅನಿಸಿಕೊಳ್ಳುತ್ತಿದ್ದ ಮಾತು ಹಾಳೆಯ ಮೇಲೆ ಕರ್ತವ್ಯವಾಗುತ್ತದೆ. ಇಷ್ಟವಿಲ್ಲದ ಅಧಿಕಾರಿ ಅಂಚಿನಲ್ಲಿ "ಚರ್ಚಿಸಿ" ಎಂದು ಬರೆದು ಕಡತವನ್ನು ಕೆಳಕ್ಕೆ ಕಳಿಸುವುದೂ ಉಂಟು. ಚರ್ಚೆ ಕೋಣೆಯೊಳಗೆ ನಡೆಯುತ್ತದೆ, ಹೊಸ ಟಿಪ್ಪಣಿ ಬರುತ್ತದೆ. ಅಲ್ಲಿ ಯಾರು ಏನಂದರು ಎಂಬುದಕ್ಕೆ ಗುರುತಿಲ್ಲ.

2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್, ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರ ಅರ್ಜಿಯ ಮೇಲೆ ಕೊಟ್ಟ ತೀರ್ಪಿನಲ್ಲಿ, ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ನಡೆಯಬಾರದು, ಅಂಥ ಆದೇಶ ಬಂದರೆ ದಾಖಲಿಸಬೇಕು ಎಂದು ಹೇಳಿತು. ದೇಶದ ಅಧಿಕಾರಶಾಹಿಯ ಅತಿ ಎತ್ತರದ ಹುದ್ದೆಯಲ್ಲಿ ಕೂತು ಎದ್ದವರೇ, ನಮ್ಮವರಿಗೆ ಮೇಲಿನವರ ಬಾಯಿಮಾತಿನಿಂದ ರಕ್ಷಣೆ ಬೇಕು ಎಂದು ನ್ಯಾಯಾಲಯದ ಬಾಗಿಲು ತಟ್ಟಿದ್ದರು. ಅವರಿಗೇ ಕಷ್ಟವಾದ ಮಾತು ಹೊರಗುತ್ತಿಗೆಯ ಹುಡುಗಿಗೆ ಸುಲಭವಾಗುವುದು ಹೇಗೆ?

*

ಕಚೇರಿಯೊಂದರ ಸಭೆ ಮುಗಿದು ಐದು ನಿಮಿಷಕ್ಕೆ ಟೀ ಅಂಗಡಿಯ ಮುಂದೆ ಅದೇ ಜನ. ಒಳಗೆ ಯಾರೂ ಎತ್ತದ ಆಕ್ಷೇಪಣೆಗಳೆಲ್ಲ ಇಲ್ಲಿ ಒಂದೊಂದಾಗಿ ಬರುತ್ತವೆ, ಎಷ್ಟು ಸ್ಪಷ್ಟವಾಗಿ, ಎಷ್ಟು ಕಾರಣ ಸಮೇತ! ಯೋಜನೆ ಎಲ್ಲಿ ಕೈಕೊಡುತ್ತದೆ ಎಂಬುದು ಅವರೆಲ್ಲರಿಗೂ ಗೊತ್ತು. ಆ ಕಚೇರಿಯ ನಿಜವಾದ ಸಭೆ ಅಂಗಡಿಯ ಮುಂದೆಯೇ ನಡೆಯುತ್ತದೆ, ನಡಾವಳಿ ಬರೆಯುವವರು ಮಾತ್ರ ಅಲ್ಲಿರುವುದಿಲ್ಲ.

*

ಜಿಲ್ಲಾಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರ ಮಾತು. ಮೆದು ಸ್ವಭಾವದವರು, ಮನೆಯಲ್ಲೂ ನಾಲ್ಕು ಮಾತಿಗೆ ಒಂದು ಮಾತು. ಆಪರೇಷನ್ ಥಿಯೇಟರಿನಲ್ಲಿ ಹೊಟ್ಟೆ ಮುಚ್ಚುವ ಮುಂಚೆ ಅವರು ಬಟ್ಟೆಯ ಮಾಪುಗಳನ್ನು, ಸೂಜಿಗಳನ್ನು, ಕತ್ತರಿ ಚಿಮಟಗಳನ್ನು ಗಟ್ಟಿಯಾಗಿ ಎಣಿಸಬೇಕು. ಒಂದು ಕಡಿಮೆ ಬಂದರೆ "ಕೌಂಟ್ ಸರಿಯಿಲ್ಲ ಸಾರ್" ಎನ್ನುತ್ತಾರೆ. ಎಷ್ಟೇ ದೊಡ್ಡ ಸರ್ಜನ್ ಆಗಲಿ, ಸೂಜಿ ಹಿಡಿದ ಕೈ ನಿಲ್ಲುತ್ತದೆ. ಬಕೆಟ್ ನೋಡುತ್ತಾರೆ, ಮೇಜಿನ ಕೆಳಗೆ ನೋಡುತ್ತಾರೆ, ಕೊನೆಗೆ ಹೊಟ್ಟೆಯೊಳಗೇ ಮತ್ತೆ ಕೈ ಹಾಕುತ್ತಾರೆ. ಡಾಕ್ಟರಿಗೆ ತಡೆ ಹಾಕಲು ಭಯವಾಗುವುದಿಲ್ಲವೇ ಎಂದು ಕೇಳಿದೆ. "ತಡೆ ಎಲ್ಲಿ ಹಾಕಿದೆ? ಕೌಂಟ್ ಹೇಳಿದೆ ಅಷ್ಟೆ" ಎಂದರು. ಸತತವಾಗಿ ನೈಟ್ ಡ್ಯೂಟಿ ಹಾಕುತ್ತಿದ್ದಾರೆ, ಬೆನ್ನು ನೋವು ತಡೆಯಲಾಗುತ್ತಿಲ್ಲ ಎಂಬುದನ್ನು ಮಾತ್ರ ಅವರು ಮೇಲಿನವರಿಗೆ ಹೇಳಿರಲಿಲ್ಲ. "ಅದನ್ನ ಹೇಗೆ ಕೇಳೋದು?"

ಎಣಿಕೆ ಹೇಳುವುದು ಕೆಲಸದ ಭಾಗ, ಆದ್ದರಿಂದ ಹೇಳುತ್ತಾರೆ. ಬೆನ್ನು ನೋವು ಹೇಳುವುದು ಯಾರ ಕೆಲಸದ ಪಟ್ಟಿಯಲ್ಲೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ತಪಶೀಲು ಪಟ್ಟಿಯೊಂದನ್ನು ಹೊರತಂದಿತು. ಅದರಲ್ಲಿ ಮಾಪಿನ ಎಣಿಕೆಯಿದೆ. ಅಷ್ಟೇ ಅಲ್ಲ, ಚರ್ಮಕ್ಕೆ ಕತ್ತಿ ತಾಗಿಸುವ ಮುಂಚೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ತಮ್ಮ ಕೆಲಸ ಏನೆಂದು ಬಾಯಿ ಬಿಟ್ಟು ಹೇಳಬೇಕು ಎಂಬುದೂ ಇದೆ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತೆಂದು 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೆಸರು ಹೇಳಿದ್ದರ ಪಾಲೆಷ್ಟು, ಉಳಿದದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಬಾರದು. ಆದರೂ ಒಮ್ಮೆ ಹೆಸರು ಹೇಳಲು ತೆರೆದ ಬಾಯಿ ಆಮೇಲೆ ತೊಂದರೆ ಕಂಡಾಗ ತೆರೆಯುವುದು ಸುಲಭ ಎಂದು ನನ್ನ ಮನಸ್ಸಿಗೆ ಅನ್ನಿಸುತ್ತದೆ.

*

ಹಾಗಾದರೆ ಹೇಳಬೇಕಾದದ್ದನ್ನು ನಿಯಮ ಮಾಡಿಟ್ಟರೆ ಎಲ್ಲ ಸರಿಯಾಯಿತೇ? ಹಾಗೆಂದು ಬರೆದು ಮುಗಿಸೋಣ ಅನ್ನುವಷ್ಟರಲ್ಲಿ ಮಂಗಳೂರು ನೆನಪಾಗುತ್ತದೆ.

2010ರ ಮೇ 22, ಬೆಳಗಿನ ಆರು ಗಂಟೆ ದಾಟಿತ್ತು. ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇಗೆ ಇಳಿಯುತ್ತಿತ್ತು. ಇರಬೇಕಾದದ್ದಕ್ಕಿಂತ ತೀರಾ ಎತ್ತರದಲ್ಲಿತ್ತು, ವೇಗವೂ ಹೆಚ್ಚಿತ್ತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು ಎಂಬುದು ಆಮೇಲೆ ಧ್ವನಿಮುದ್ರಣದಿಂದ ತಿಳಿಯಿತು. ಪಕ್ಕದ ಸೀಟಿನ ಸಹ ಪೈಲಟ್ ‘ಗೋ ಅರೌಂಡ್’ ಎಂದರು, ಅಂದರೆ ಇಳಿಸಬೇಡಿ, ಮೇಲೆತ್ತಿ ಒಂದು ಸುತ್ತು ಹಾಕಿ ಬನ್ನಿ. ಒಂದಲ್ಲ, ಮೂರು ಸಲ ಅಂದರು. ವಿಮಾನದ ಯಂತ್ರವೂ ಎಚ್ಚರಿಕೆ ಕೂಗುತ್ತಲೇ ಇತ್ತು. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು, ಉಳಿದ ದೂರ ನಿಲ್ಲಲು ಸಾಲಲಿಲ್ಲ. ಒಳಗಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಕಾಸರಗೋಡಿನಿಂದ ಉಡುಪಿಯವರೆಗೆ ಎಷ್ಟೋ ಮನೆಗಳಲ್ಲಿ ಆ ದಿನಾಂಕ ಇಂದಿಗೂ ಸುಮ್ಮನೆ ಬಂದು ಹೋಗುವುದಿಲ್ಲ.

ತನಿಖಾ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಕಾರಣ. ಸಹ ಪೈಲಟ್ ಮತ್ತೆ ಮತ್ತೆ ಹೇಳಿದರು, ಆದರೆ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಸಹ ಪೈಲಟ್ ತಾನಾಗಿ ‘ಗೋ ಅರೌಂಡ್’ ಮಾಡಬಹುದೇ ಎಂಬ ಬಗ್ಗೆ ಇದ್ದ ಸೂಚನೆಗಳೇ ಗೊಂದಲವಾಗಿದ್ದುದು ಬಹುಶಃ ಇದಕ್ಕೆ ಕಾರಣ ಎಂದು ವರದಿ ಹೇಳುತ್ತದೆ. ತರಬೇತಿಯ ಹಾಳೆ ಹೇಳಿಕೊಡುವುದನ್ನೆಲ್ಲ ಅವರು ಮಾಡಿದ್ದರು. ಸ್ಪಷ್ಟವಾಗಿ ಹೇಳಿದರು, ಬಿಡದೆ ಹೇಳಿದರು. ಬಾಯಿ ತೆರೆಯದವರ ಸಾಲಿಗೆ ಅವರನ್ನು ಯಾರೂ ಸೇರಿಸುವಂತಿಲ್ಲ. ಹೇಳಿದ ಮಾತು ಪಕ್ಕದ ಸೀಟಿನವರಿಗೆ ತಾಗಲಿಲ್ಲ. ತಾಗದಿದ್ದಾಗ ಮುಂದೇನು ಎಂಬುದನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಯಾರೂ ಅವರ ಕೈಗೆ ಬರೆದು ಕೊಟ್ಟಿರಲಿಲ್ಲ.

ವಿಮಾನಯಾನದವರು ಈ ಪಾಠವನ್ನು ಅದಕ್ಕೂ ಬಹಳ ಹಿಂದೆಯೇ ಕಲಿತಿದ್ದರು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಸತ್ತರು. ಮಂಜಿನಲ್ಲಿ ಓಡಲು ಶುರುವಾಗಿದ್ದ ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್, ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು, ವಿಮಾನ ನಿಲ್ಲಲಿಲ್ಲ. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು, 1981ರಿಂದ ವಿಮಾನ ಕಂಪನಿಗಳು ತರಬೇತಿ ಶುರುಮಾಡಿದವು. ಅಲ್ಲಿ ಕಿರಿಯರಿಗೆ ಹೇಳುವುದನ್ನು ಕಲಿಸಿದ ಹಾಗೆಯೇ ಕ್ಯಾಪ್ಟನ್‌ಗಳನ್ನು ಕೂರಿಸಿ ಕೇಳುವುದನ್ನೂ ಕಲಿಸುತ್ತಾರೆ. ನೆಂಟರ ಹುಡುಗಿಯ ಮ್ಯಾನೇಜರ್ ತಪ್ಪಿಸಿಕೊಂಡ ಕ್ಲಾಸು ಇದೇ.

*

2016ರ ಏಪ್ರಿಲ್ 18, ಹೊಸೂರು ರಸ್ತೆ. ಬೊಮ್ಮನಹಳ್ಳಿ ಸುತ್ತಲಿನ ಗಾರ್ಮೆಂಟ್ಸ್‌ಗಳಿಂದ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಪಿಎಫ್ ನಿಯಮ ಬದಲಾಗಿದೆ, ಮಾಲೀಕರ ಪಾಲಿನ ದುಡ್ಡು 58 ವರ್ಷ ತುಂಬುವ ತನಕ ಕೈಗೆ ಸಿಗುವುದಿಲ್ಲ ಎಂಬ ಸುದ್ದಿ ಲೈನಿನಿಂದ ಲೈನಿಗೆ ಹರಡಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರಿಗೆ ಕಣ್ಣು, ಸೊಂಟ ಉಳಿಯುತ್ತದೆ? ಕೆಲವು ವರ್ಷ ದುಡಿದು ಬಿಟ್ಟು, ಆ ದುಡ್ಡಿನಲ್ಲಿ ಮಗಳ ಮದುವೆ, ಮಗನ ಫೀಸು, ಊರಿನ ಸಾಲ ನೋಡಿಕೊಳ್ಳುವುದು ಅವರ ಬದುಕಿನ ಲೆಕ್ಕ. ಯಾವ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. ಮರುದಿನ ಇನ್ನೂ ಹೆಚ್ಚು ಜನ, ಇನ್ನೂ ಹಲವು ರಸ್ತೆಗಳು. ಲಾಠಿ, ಅಶ್ರುವಾಯು, ಬೆಂಕಿ. 19ರಂದೇ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಇದೇ ಹೆಣ್ಣುಮಕ್ಕಳು ಮಿಷನ್ ಮುಂದೆ ಕೂತಾಗ ಹೇಗಿರುತ್ತಾರೆ? ಕಾಲರ್ ಹೊಲಿಯುವವಳು ಎದ್ದು ಹೋದರೆ ಹಿಂದೆ ಪೀಸುಗಳು ಗುಡ್ಡೆ ಬೀಳುತ್ತವೆ, ಮುಂದಿನವಳ ಕೈ ಖಾಲಿಯಾಗುತ್ತದೆ. ಗಂಟೆಗೊಮ್ಮೆ ಎಣಿಸಲು ಬರುವ ಸೂಪರ್‌ವೈಸರ್ ಇಡೀ ಲೈನಿನ ಎದುರು ಕೂಗುತ್ತಾನೆ. ಹಾಗಾಗಿ ಟಾಯ್ಲೆಟ್ಟಿಗೆ ಹೋಗಬೇಕೆನ್ನುವುದನ್ನೂ ನುಂಗಿಕೊಂಡು, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಒಬ್ಬ ಸೂಪರ್‌ವೈಸರನಿಗೆ ಹೇಳಲಾಗದ ಬಾಯಿ ದೆಹಲಿಗೆ ಕೇಳಿಸಿತು! ಸಾವಿರ ಜನ ಸೇರಿದರೆ ಧೈರ್ಯ ಬರುತ್ತದೆ ಎಂಬ ಉತ್ತರ ನನಗೆ ಅರ್ಧ ಅನ್ನಿಸುತ್ತದೆ. ಲೈನಿನಲ್ಲಿ ಕೂತವಳಿಗೆ ಟೋಕನ್ ನಂಬರಿದೆ, ಕೈಮಾಡಿ ತೋರಿಸಬಹುದು. ರಸ್ತೆಯ ಮೇಲೆ ಯಾರನ್ನೂ ಹಾಗೆ ತೋರಿಸಲಾಗದು. ಇನ್ನೂ ಮುಖ್ಯವಾಗಿ, ಸುಮ್ಮನಿರುವುದಕ್ಕೂ ರಸ್ತೆಗಿಳಿಯುವುದಕ್ಕೂ ನಡುವೆ ಕಾಲಿಡಲು ಒಂದು ಮೆಟ್ಟಿಲೂ ಇರಲಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರೂ ಕಾರ್ಮಿಕರೂ ಒಟ್ಟಿಗೆ ಕೂರುವ ಕಾರ್ಯ ಸಮಿತಿಯ ಮಾತು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಬಂದಿತ್ತು. ಆ ಮೆಟ್ಟಿಲನ್ನು ಕಾಗದದಿಂದ ಇಳಿಸಿ ಕಟ್ಟಿದ್ದಿದ್ದರೆ ಆ ಎರಡು ದಿನ ಏಟು ತಿಂದ ಬೆನ್ನುಗಳೆಷ್ಟೋ ಉಳಿಯುತ್ತಿದ್ದವು.

*

ಟೊಯೊಟಾದ ಹಲವು ಕಾರ್ಖಾನೆಗಳಲ್ಲಿ ‘ಆಂಡನ್’ ಎಂಬ ಸೂಚನಾ ದೀಪಕ್ಕೆ ಕಟ್ಟಿದ ಹಗ್ಗವಿರುತ್ತದೆ. ಕಾರಿನ ಜೋಡಣೆಯಲ್ಲಿ ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು. ದೀಪ ಹೊತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಎಳೆದವನಿಗೆ ಬೈಗುಳವಿಲ್ಲ. ಜಗತ್ತೆಲ್ಲ ಮೆಚ್ಚಿದ ಪದ್ಧತಿ, ನಾನೂ ಮೆಚ್ಚುತ್ತೇನೆ. 2020ರ ನವೆಂಬರಿನಿಂದ ಅದೇ ಕಂಪನಿಯ ಬಿಡದಿ ಘಟಕದಲ್ಲಿ ಕೆಲಸದ ಹೊರೆಯ ದೂರು, ಒಬ್ಬ ನೌಕರನ ಅಮಾನತು, ಧರಣಿ, ಬೀಗಮುದ್ರೆ ಎಂದು ತಿಂಗಳುಗಟ್ಟಲೆ ಎಳೆದಾಡಿತು. ಕಾರಿನ ದೋಷಕ್ಕೆ ಹಗ್ಗವಿದೆ. ಕೈ ಸೋತಿದೆ ಎನ್ನುವುದಕ್ಕೆ ಎಳೆಯಬೇಕಾದ ಹಗ್ಗ ಯಾವುದು?

*

ಗಟ್ಟಿಯಾಗಿ ಮಾತಾಡಿ ಎಂದು ಸಲಹೆ ಕೊಡುವವರು ಆ್ಯನ್ ಹಾಪ್‌ಕಿನ್ಸ್ ಕತೆಯನ್ನೂ ಹೇಳಬೇಕು. ಅಮೆರಿಕದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯಲ್ಲಿ 1982ರಲ್ಲಿ ಪಾಲುದಾರರ ಆಯ್ಕೆಗೆ 88 ಹೆಸರುಗಳಿದ್ದವು, ಅದರಲ್ಲಿ ಹೆಣ್ಣು ಆಕೆಯೊಬ್ಬಳೇ. ಕೆಲಸದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಆಕೆಯ ನಡೆನುಡಿ ಗಂಡಸಿನ ಹಾಗಿದೆ ಎಂಬ ಆಕ್ಷೇಪ ಬಂತು. ಹೆಂಗಸಿನಂತೆ ನಡೆಯಿರಿ, ಮಾತಾಡಿ, ಮೇಕಪ್ ಹಾಕಿ, ಒಡವೆ ತೊಡಿ ಎಂಬ ಸಲಹೆ ಸಿಕ್ಕಿತು. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಎಣಿಕೆಯಿಂದ ಹೆಣ್ಣನ್ನು ಅಳೆಯುವುದೂ ತಾರತಮ್ಯವೇ ಎಂದಿತು. ಸುಮ್ಮನಿದ್ದರೆ ಇವಳಿಗೆ ನಾಯಕತ್ವ ಇಲ್ಲ, ಮಾತಾಡಿದರೆ ಇವಳು ಬಲು ಜೋರು. ನಮ್ಮ ಕಚೇರಿಗಳ ಹೆಣ್ಣುಮಕ್ಕಳಿಗೆ ಇದನ್ನು ಅಮೆರಿಕದಿಂದ ತಂದು ಹೇಳಬೇಕಾಗಿಲ್ಲ. ಇದರ ಮೇಲೆ ಜಾತಿಯ ಲೆಕ್ಕವೂ ಸೇರಿಕೊಂಡಾಗ, ಒಬ್ಬಳು ಆಡುವ ಒಂದೊಂದು ಮಾತಿಗೆ ತೆರುವ ಬೆಲೆ ಪಕ್ಕದ ಮೇಜಿನವರು ತೆರುವ ಬೆಲೆಯಲ್ಲ.

*

ಸೇನೆಗಿಂತ ಕಟ್ಟುನಿಟ್ಟಾದ ಮೇಲು ಕೀಳಿನ ಏಣಿ ಇನ್ನೆಲ್ಲಿದೆ? ಆ ಸೇನೆಯ ಕೋರ್ಟ್ ಮಾರ್ಷಲ್‌ನಲ್ಲಿ ತೀರ್ಮಾನಕ್ಕೆ ಕೂತಾಗ ಅಭಿಪ್ರಾಯ ಕೇಳಲು ಶುರು ಮಾಡುವುದು ಎಲ್ಲರಿಗಿಂತ ಕಿರಿಯ ಸದಸ್ಯನಿಂದ. ಹಿರಿಯರು ಮೊದಲು ಬಾಯಿ ಬಿಟ್ಟರೆ ಕಿರಿಯರು ಅದನ್ನೇ ಒಪ್ಪಿಬಿಡುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇದನ್ನು ಓದಿರಲಿಕ್ಕಿಲ್ಲ, ಆದರೂ ನನಗೆ ಪರಿಚಯದ ಒಂದು ಸರ್ಕಾರಿ ಪ್ರೌಢಶಾಲೆಯ ಹೆಡ್‌ಮಿಸ್ ತಮ್ಮ ಸಭೆಗಳಲ್ಲಿ ಹೀಗೇ ಮಾಡುತ್ತಾರೆ. ಜವಾನರನ್ನೂ ಕುರ್ಚಿ ಹಾಕಿ ಕೂರಿಸಿ ಮೊದಲು ಅವರನ್ನೇ ಕೇಳುತ್ತಾರೆ. "ಏನಿಲ್ಲ ಮೇಡಂ" ಎಂಬುದೇ ಮೊದಮೊದಲ ಉತ್ತರವಾಗಿತ್ತಂತೆ. ಮೇಡಂ ಬಿಡಲಿಲ್ಲ. ಕೊನೆಗೊಂದು ಸಭೆಯಲ್ಲಿ ಜವಾನರು ಹೇಳಿದರು: ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಕಿತ್ತುಹೋಗಿದೆ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲುತ್ತಾಳೆ, ಎಷ್ಟೋ ಮಕ್ಕಳು ಮಧ್ಯಾಹ್ನ ನೀರೇ ಕುಡಿಯುವುದಿಲ್ಲ. ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರ್, ಯಾರಿಗೂ ಇದು ತಿಳಿದಿರಲಿಲ್ಲ. ಆ ವಾರವೇ ಚಿಲಕ ಬಂತು. ಮುಂದಿನ ಸಭೆಯಲ್ಲಿ ಅಡುಗೆಯವರು ಬೇಳೆಯ ವಿಷಯ ಎತ್ತಿದರಂತೆ.

ಈ ಪದ್ಧತಿಯನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಯಾವ ಸುತ್ತೋಲೆಯೂ ಇದನ್ನು ಹೇಳಿಲ್ಲ. ಮೇಡಂ ಹೆಸರು ಈ ಸಲದ ವರ್ಗಾವಣೆ ಕೌನ್ಸೆಲಿಂಗ್ ಪಟ್ಟಿಯಲ್ಲಿದೆ. ಹೊಸಬರು ಬಂದ ಮೇಲೆ ಜವಾನರ ಕುರ್ಚಿ ಆ ಸಾಲಿನಲ್ಲಿ ಉಳಿಯುತ್ತದೋ ಇಲ್ಲವೋ, ಉಳಿಯದಿದ್ದರೆ ಅದನ್ನು ಕೇಳುವವರು ಯಾರು, ಜವಾನರೋ, ಮೇಷ್ಟ್ರುಗಳೋ? ಜೂನ್ ಕಳೆದ ಮೇಲೆ ಹೋಗಿ ನೋಡಬೇಕು.